ಅರಿಶಿಣದ ಹೊಗೆ, ಲುಬ್ಲಿನ್‌ನ ದೀಪ

ವಾಡಿ

ವಿದೇಶಕ್ಕೆ ಹೋದವರು ವಿಮಾನ ನಿಲ್ದಾಣದಿಂದ ಕಥೆ ಶುರು ಮಾಡುತ್ತಾರೆ. ನನ್ನ ಪೋಲೆಂಡ್ ಪ್ರವಾಸ ವಾಡಿ ಜಂಕ್ಷನ್ನಿನ ಕಲ್ಲು ಬೆಂಚಿನ ಮೇಲೆ, ಒಂದು ಸಣ್ಣ ಜಗಳದಿಂದ ಶುರುವಾಯಿತು. ಕೂಡುವ ಮೊದಲು ಬೆಂಚಿನ ಮೇಲಿದ್ದ ಸಿಮೆಂಟ್ ಧೂಳನ್ನು ಕರವಸ್ತ್ರದಿಂದ ಜಾಡಿಸಿದೆ. ಅದು ನೆಟ್ಟಗೆ ಪಕ್ಕದ ಹಿರಿಯರೊಬ್ಬರ ಚಹಾದ ಕಪ್ಪಿಗೆ ಹೋಯಿತು.

"ಏನ್ರೀ ಯಕ್ಕಾ, ಚಾದಾಗ ಸಿಮೆಂಟ್ ಹಾಕಾಕತ್ತೀರಲ್ಲ, ನನ್ನ ಹೊಟ್ಟ್ಯಾಗ ಗ್ವಾಡಿ ಕಟ್ಟಬೇಕಂತ ಮಾಡೀರೇನು?" ಎಂದರು ಅವರು. ತಪ್ಪಾಯಿತೆಂದು ಇನ್ನೊಂದು ಚಹಾ ಕುಡಿಸಿದೆ. ರೈಲು ಬರುವ ಹೊತ್ತಿಗೆ ನನ್ನ ಸೂಟ್‌ಕೇಸನ್ನು ಬೋಗಿಗೆ ಏರಿಸಿಕೊಟ್ಟವರೂ ಅವರೇ.

ನಾನು ನೀಲಮ್ಮ. ಹುಟ್ಟಿದ್ದು ಶಹಾಬಾದ್ ಪಕ್ಕದ ಭಂಕೂರಿನಲ್ಲಿ, ಕಲ್ಲು ಸೀಳುವವನ ಮಗಳಾಗಿ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ, ಇಪ್ಪತ್ತು ವರ್ಷದಿಂದ ನರ್ಸಾಗಿದ್ದೇನೆ. ನಾಲಿಗೆ ಸ್ವಲ್ಪ ಉದ್ದ ಎಂದು ನಮ್ಮ ದೊಡ್ಡ ಡಾಕ್ಟರೇ ಹೇಳುತ್ತಾರೆ. ಅವರು ಹೇಳುವುದು ನಗೆಗೆ. ಆ ನಾಲಿಗೆ ಏನು ಮಾಡಿತು ಎಂಬುದು ಅವರಿಗೆ ಗೊತ್ತಿಲ್ಲ.

ನಮ್ಮ ವಾರ್ಡಿನ ಸಂಕಟ ಸರಳವಾಗಿ ಹೇಳುವಂಥದ್ದು. ಆಕ್ಸಿಜನ್ ಇಲ್ಲದಿದ್ದರೆ ಅಂಥ ಕೂಸು ಬದುಕುವುದಿಲ್ಲ. ಹೆಚ್ಚಾದರೆ ಅದೇ ಆಕ್ಸಿಜನ್ ಎಳೆಯ ಶ್ವಾಸಕೋಶವನ್ನು ಒಳಗಿಂದೊಳಗೇ ಸುಡುತ್ತದೆ. ಅಡುಗೆಗೆ ಉಪ್ಪು ಹಾಕಿದ ಹಾಗೆ, ರುಚಿ ನೋಡಿ ನೋಡಿ ಕೊಡಬೇಕು. ನಾನು ಗಂಟೆಗೊಮ್ಮೆ ಪ್ರತಿ ಕೂಸಿನ ಮುಂದೆ ನಿಂತು, ತುಟಿಯ ಬಣ್ಣ ನೋಡಿ, ಆಕ್ಸಿಜನ್ನಿನ ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿ, ಪುಸ್ತಕದಲ್ಲಿ ಬರೆಯುತ್ತಿದ್ದೆ. ಲುಬ್ಲಿನ್ ಎಂಬ ಊರಿನಲ್ಲಿ ಗಿಡಗಳ ಸಾರದಿಂದ ಈ ಸುಡುವಿಕೆಯನ್ನು ತಡೆಯಬಹುದೇ ಎಂದು ನೋಡುವ ಪ್ರಯೋಗಾಲಯವಿದೆ. ನಮ್ಮ ಡಾಕ್ಟರು ಅವರಿಗೆ ನನ್ನ ಪುಸ್ತಕದ ಪುಟಗಳನ್ನು ಕಳಿಸಿದ್ದರು. ಮೂರು ವಾರ ಬಂದು ಈ ಕೈಕೆಲಸ ತೋರಿಸಿ ಎಂದು ಅಲ್ಲಿಂದ ಕರೆ ಬಂತು.

ಎಲ್ಲರೂ ಹಾರ ಹಾಕಿ ಕಳಿಸಿದರು. ನಾನು ಹೊರಟದ್ದು ಮಾತ್ರ ಒಂದೇ ಒಂದು ಮಾತು ಕೇಳಿಕೊಂಡು ಬರಲು: ನನ್ನ ಅಕ್ಕನ ಮೊಮ್ಮಗಳನ್ನು ಕೊಂದದ್ದು ನಾನೇನು?

ಸೇಡಂ ದಾಟುವಾಗ

ಚಿತ್ತಾಪುರದಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಎದುರಿಗೆ ಕೂತಳು. ಊರು, ಮನೆತನ, ಮಕ್ಕಳು ಎಲ್ಲವನ್ನೂ ಕೇಳಿ ಮುಗಿಸಿ ಕೊನೆಗೆ, "ಈಗೆಲ್ಲಿಗೆ ಹೊಂಟೀಯವ್ವಾ?" ಎಂದಳು.

"ಪೋಲೆಂಡಿಗೆ, ಆಯಿ."

"ಅದು ತಾಂಡೂರ ಈಚಿ ಕಡಿ ಬರ್ತದೋ, ಆಚಿ ಕಡಿನೋ?"

"ಆಚಿ ಕಡಿ. ಭಾಳ ಆಚಿ ಕಡಿ."

"ಹಂಗಾದ್ರ ಬುತ್ತಿ ಉಣ್ಣು, ಹಸದು ಹೋಗಬ್ಯಾಡ" ಎಂದು ಆಕೆ ತನ್ನ ಗಂಟಿನಿಂದ ಅರ್ಧ ರೊಟ್ಟಿ ಮುರಿದು ಕೊಟ್ಟು ಸೇಡಂನಲ್ಲಿ ಇಳಿದುಹೋದಳು. ಕಿಟಕಿಯಾಚೆ ತೊಗರಿ ಹೊಲ. ಇಲ್ಲಿಂದ ಉತ್ತರಕ್ಕೆ ಹೋದರೆ ಚಿಂಚೋಳಿ, ಚಿಂಚೋಳಿಯ ಮಗ್ಗುಲಿಗೆ ಐನಾಪುರ, ಅಲ್ಲಿ ನನ್ನ ಅಕ್ಕ. ರೊಟ್ಟಿಯನ್ನು ಹಾಗೇ ಚೀಲದಲ್ಲಿಟ್ಟೆ.

ಅಕ್ಕ ಗುರಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ನನ್ನ ಜಡೆ ಹಾಕಿದವಳು, ನರ್ಸಿಂಗ್ ಓದಲಿ ಎಂದು ಅಪ್ಪನ ಜೊತೆ ಹಟ ಹಿಡಿದವಳು ಅಕ್ಕನೇ. ಅವಳ ಮಗಳು ಭಾಗ್ಯ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಏಳು ತಿಂಗಳಿಗೇ ಹೆತ್ತಳು. ನನ್ನ ಮೊಣಕೈಯಿಂದ ಅಂಗೈವರೆಗೆ ಸರಿಹೋಗುವಷ್ಟು ಹೆಣ್ಣುಕೂಸು. ನನ್ನ ವಾರ್ಡಿಗೇ ತಂದರು. ಕೈಗೆ ಕಟ್ಟಿದ ಪಟ್ಟಿಯ ಮೇಲೆ 'ಭಾಗ್ಯಳ ಕೂಸು' ಎಂದು ಬರೆದು ಒಂದು ನಂಬರು ಹಾಕಿದೆವು. ಅಕ್ಕ ಕಟ್ಟಿಸಿ ತಂದಿದ್ದ ಲಿಂಗವನ್ನು ಆ ಚರ್ಮದ ಮೇಲೆ ಇಡಲಾಗದೆ ಹಾಸಿಗೆಯ ಸರಳಿಗೆ ಕಟ್ಟಿದೆ. ಎರಡು ತಿಂಗಳು ಅದು ಯಂತ್ರದ ಉಸಿರಿನಲ್ಲಿತ್ತು. ಬದುಕಿತು. ಆದರೆ ಎದೆ ಸುಟ್ಟಿತ್ತು.

ಕೂಸನ್ನು ಐನಾಪುರದ ಮನೆಗೆ ಬಿಡಲು ನಾನೂ ಹೋಗಿ, ಅಕ್ಕನಿಗೆ ಒಂದೇ ಮಾತು ಹೇಳಿದೆ. ನಮ್ಮ ಕಡೆ ಕೂಸಿಗೆ ಎರೆದ ಮೇಲೆ ಕುಳ್ಳಿನ, ಅಂದರೆ ಬೆರಣಿಯ, ಕೆಂಡಕ್ಕೆ ಲೋಬಾನ, ಓಂಕಾಳು ಹಾಕಿ, ಆ ಹೊಗೆಯ ಮೇಲೆ ಕೂಸನ್ನು ಹಿಡಿದು ಬೆಚ್ಚಗೆ ಮಾಡುತ್ತಾರೆ. "ಅಕ್ಕಾ, ಏನ್ ಬೇಕಾದ್ರೂ ಮಾಡು, ಹೊಗಿ ಮಾತ್ರ ಹಾಕಬ್ಯಾಡ" ಎಂದೆ. "ಆಯ್ತವ್ವ, ನಿನಗಿಂತ ಹೆಚ್ಚೇನು" ಎಂದು ಕೆಂಡದ ಬುಟ್ಟಿಯನ್ನು ಅಟ್ಟಕ್ಕೆ ಎತ್ತಿಟ್ಟಳು. ಕೂಸು ಗಟ್ಟಿಯಾದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದೂ ಅವಳೇ ಹೇಳಿದಳು.

ಅದೇ ತಿಂಗಳು ಲುಬ್ಲಿನ್‌ನಿಂದ ಮೊದಲ ಪತ್ರ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಡ್ಯೂಟಿಯ ನಡುವೆಯೇ ಅಕ್ಕನಿಗೆ ಫೋನು ಹಚ್ಚಿ, "ಅಕ್ಕಾ, ನಮ್ಮ ಅರಿಶಿಣದಾಗ ಕೂಸಿನ ಎದಿಗೆ ಔಷಧ ಅದ ಅಂತ! ಫಾರಿನ್ ಡಾಕ್ಟರ್ ಹುಡುಕಾಕತ್ತಾರ!" ಎಂದೆ. ಅಷ್ಟರಲ್ಲಿ ಒಂದು ಮಾನಿಟರ್ ಕೂಗಿತು. ಫೋನಿಟ್ಟೆ. 'ಇನ್ನೂ ಇಲಿಮರಿಗಳ ಮೇಲೆ ನೋಡುತ್ತಿದ್ದಾರೆ ಅಷ್ಟೆ, ನೀನೇನೂ ಮಾಡಬೇಡ' ಎಂಬ ಉಳಿದರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು.

ಹತ್ತು ದಿನಕ್ಕೆ ಕೂಸನ್ನು ಮತ್ತೆ ತಂದರು. ಎದೆ ಗುಳಿಬಿದ್ದು ಏದುಸಿರು. ಸುತ್ತಿದ್ದ ದುಪಟಿಯಲ್ಲಿ ಹೊತ್ತಿದ ಅರಿಶಿಣದ ವಾಸನೆ. "ಲೋಬಾನ ಹಾಕಿಲ್ಲ ನೀಲಾ, ನಿನ್ನಾಣಿ. ಬರೇ ಅರಿಶಿಣ ಹಾಕೀನಿ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. "ಔಷಧ ಎದಿಗೆ ಹೋಗಬೇಕಂದ್ರ ಹೊಗಿ ಬಿಟ್ಟು ಬ್ಯಾರೆ ದಾರಿ ಎಲ್ಲೈತಿ?" ಡಾಕ್ಟರು ಸಿಟ್ಟಿನಿಂದ, "ಯಾರು ಹೇಳಿದರು ನಿಮಗೆ ಹೊಗೆ ಹಾಕಲು?" ಎಂದು ಗದರಿದರು. ಅಕ್ಕ ನನ್ನ ಮುಖ ನೋಡಿದಳು. ನನ್ನ ಉದ್ದ ನಾಲಿಗೆ ಆಗ ಏಳಲಿಲ್ಲ. ಅಕ್ಕ ಕಣ್ಣು ಕೆಳಗೆ ಹಾಕಿ, "ಯಾರೂ ಹೇಳಿಲ್ರಿ. ನಂದೇ ಬುದ್ಧಿ" ಎಂದಳು. ಪಕ್ಕದಲ್ಲೇ ಭಾಗ್ಯ ನಿಂತಿದ್ದಳು.

ಮೂರನೇ ದಿನ ಕೂಸು ಹೋಯಿತು. ಸೋಂಕೂ ಇತ್ತು, ಹೊಗೆಯೂ ಇತ್ತು, ಮೊದಲೇ ಸುಟ್ಟ ಎದೆ. ಗಂಡಸರು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಮೇಲೊಂದು ಕಲ್ಲೂ ಇಲ್ಲ, ಹೆಸರಿಲ್ಲದ ಕೂಸಿಗೆ ಕಲ್ಲು ಯಾಕೆ ಎಂದು. ಅವತ್ತಿನಿಂದ ಭಾಗ್ಯ ತನ್ನ ತಾಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಗಂಡನ ಮನೆಗೂ ಹೋಗದೆ, ಅದೇ ಮನೆಯಲ್ಲಿದ್ದು, ಅವಳೇ ಬಡಿಸಿದ ಅನ್ನ ಉಂಡು, ಒಂದು ಮಾತಿಲ್ಲ.

ಲುಬ್ಲಿನ್

ಲುಬ್ಲಿನ್‌ನಲ್ಲಿ ನನಗೆ ಕೋಣೆ ಕೊಟ್ಟವಳು ಹಾಲಿನಾ ಎಂಬ ಎಪ್ಪತ್ತು ದಾಟಿದ ಹೆಂಗಸು. ಬರಿಗೈಲಿ ಹೋಗಬಾರದೆಂದು ದಾರಿಯಲ್ಲಿ ಹೂವಿನ ಅಂಗಡಿ ಹುಡುಕಿದೆ. ಎಲ್ಲೆಲ್ಲೂ ಸೇವಂತಿಗೆ! ನಮ್ಮದೇ ಹೂವು! ದೊಡ್ಡ ಕುಂಡವೊಂದನ್ನು ಕೊಂಡು, ಒಂದು ಹೂ ಕಿತ್ತು ಮುಡಿದುಕೊಂಡು ಬಸ್ ಹತ್ತಿದೆ. ಜನ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಅಲ್ಲಿಯ ಬಸ್ಸುಗಳಲ್ಲಿ ಯಾರೂ ಯಾರನ್ನೂ ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ. ಸೇಡಂನ ಅಜ್ಜಿಯಂಥವಳು ಅಲ್ಲಿದ್ದರೆ ಎದೆಯೊಡೆದು ಸಾಯುತ್ತಿದ್ದಳು.

ಹಾಲಿನಾ ಬಾಗಿಲು ತೆಗೆದಾಗ ನಾನು ಹೊರಗಿನಿಂದಲೇ ಕೈ ಚಾಚಿದೆ. ಆಕೆ ಗಾಬರಿಯಾಗಿ ತಲೆಯಾಡಿಸಿ, ನನ್ನನ್ನು ಒಳಗೆ ಎಳೆದುಕೊಂಡು ಆಮೇಲೆ ಕೈ ಕುಲುಕಿದಳು. ಹೊಸ್ತಿಲ ಮೇಲೆ ಕೈ ಕೊಟ್ಟರೆ ಕೇಡಂತೆ. ಅಯ್ಯ ಶಿವನೇ, ನಮ್ಮ ಅಕ್ಕನೂ ಇದನ್ನೇ ಹೇಳುವವಳು! ಚಪ್ಪಲಿ ಬಿಡಿಸಿದ್ದೂ ನಮ್ಮ ಹಾಗೆಯೇ. ಬಿಟ್ಟ ಮೇಲೆ ಬುಟ್ಟಿಯಿಂದ ಬೇರೆ ಚಪ್ಪಲಿ ತೆಗೆದು ಹಾಕಿಸಿದ್ದು ಮಾತ್ರ ಹೊಸದು.  ಆಮೇಲೆ ಕುಂಡವನ್ನು ಬಾಲ್ಕನಿಗೆ ಒಯ್ದಿಟ್ಟು, ನನ್ನ ತಲೆಯ ಹೂವನ್ನು ಮೆಲ್ಲಗೆ ತೆಗೆದು, ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಳು: "ಇದು ಇಲ್ಲಿ ಸತ್ತವರ ಹೂವು."

ಅನಾಹುತ ಅಲ್ಲಿಗೇ ಮುಗಿಯಲಿಲ್ಲ. ಪ್ರಯೋಗಾಲಯದವರಿಗೆಂದು ತಂದಿದ್ದ ಅರಿಶಿಣದ ಪೊಟ್ಟಣ ಸೂಟ್‌ಕೇಸಿನಲ್ಲಿ ಒಡೆದಿತ್ತು. ಅಕ್ಕ ತನ್ನ ಹಿತ್ತಲಲ್ಲಿ ಬೆಳೆದು, ಕುದಿಸಿ, ಕುಟ್ಟಿ ವರ್ಷವರ್ಷ ಕೊಡುತ್ತಿದ್ದ ಅರಿಶಿಣ. ಕೂಸು ಹೋದ ಮೇಲೆ ನಾನು ಅವಳ ಮನೆಗೆ ಹೋಗಿಲ್ಲ. ಡಬ್ಬಿಯ ತಳದಲ್ಲಿದ್ದದ್ದನ್ನು ತಂದಿದ್ದೆ. ಬಿಳಿ ಕೋಟು, ಒಳಗಿನ ಬಟ್ಟೆ ಎಲ್ಲಾ ಹಳದಿ. ಹಾಲಿನಾ "ನಾನು ತೊಳೆಯುತ್ತೇನೆ" ಎಂದು ಬಕೆಟ್ಟಿನಲ್ಲಿ ಸೋಪು ಹಾಕಿ ಅದ್ದಿದಳು. ಮರುಗಳಿಗೆ ಕಿರುಚಿದಳು. ನೀರು ರಕ್ತದ ಹಾಗೆ ಕೆಂಪಾಗಿತ್ತು.

ಅರಿಶಿಣಕ್ಕೆ ಸೋಪು ತಾಗಿದರೂ ಸುಣ್ಣ ತಾಗಿದರೂ ಹಾಗೇ. ಆರತಿ ನೀರು ಹಾಗೇ ಮಾಡುವುದು. ಆಸ್ಪತ್ರೆಯಿಂದ ಕೂಸು ಮನೆಗೆ ಬಂದ ದಿನ ಅಕ್ಕ ಇಂಥದ್ದೇ ಕೆಂಪು ನೀರನ್ನು ಮೂರು ಸುತ್ತು ನಿವಾಳಿಸಿ ಚೆಲ್ಲಿದ್ದಳು. ಭಾಗ್ಯ ನಗುತ್ತಾ ಬಾಗಿಲಲ್ಲಿ ನಿಂತಿದ್ದಳು. ಹಾಲಿನಾಗೆ ಇದನ್ನು ವಿವರಿಸಲು ಹೋದೆ, ಆಗಲಿಲ್ಲ. ಬಚ್ಚಲ ನೆಲದ ಮೇಲೆ ಕೂತು ಅತ್ತೆ. ಬಟ್ಟೆ ಹಾಳಾಯಿತೆಂದು ಅಳುತ್ತಿದ್ದೇನೆ ಅಂದುಕೊಂಡು ಆಕೆ ತನ್ನದೇ ಒಂದು ಸ್ವೆಟರ್ ತಂದುಕೊಟ್ಟಳು.

ಇಲಿಮರಿಗಳ ಪೆಟ್ಟಿಗೆ

ಪ್ರಯೋಗಾಲಯದಲ್ಲಿ ನನ್ನ ಜೊತೆಗಿದ್ದವಳು ಮಾರ್ತಾ ಎಂಬ ಸಣ್ಣ ವಯಸ್ಸಿನ ಸಂಶೋಧಕಿ. ನನ್ನ ಹಳದಿ ಕಲೆಯ ಕೋಟು ನೋಡಿ, "ನಾವು ಮಿಲಿಗ್ರಾಂ ಲೆಕ್ಕದಲ್ಲಿ ಬಳಸುವುದನ್ನು ನೀವು ಮೈಗೇ ಹಾಕಿಕೊಂಡು ಬಂದಿರಾ?" ಎಂದು ನಕ್ಕಳು. ನಾನು ತರಬೇತಿಗೆಂದು ಇಟ್ಟ ಕೂಸಿನ ಗೊಂಬೆಯೊಂದರ ಮುಂದೆ ನಿಂತು, ಗುಂಡಿ ತಿರುಗಿಸಿ ತೋರಿಸಿದೆ, ಯಾವಾಗ ಇಳಿಸಬೇಕು, ತುಟಿ ಹೇಗೆ ನೋಡಬೇಕು ಎಂದು. ಅವರು ಅದನ್ನೆಲ್ಲ ವಿಡಿಯೋ ಮಾಡಿಕೊಂಡರು. ಕೂದಲೆಳೆಯಷ್ಟು ಎಂಬುದನ್ನು ಅಂಕಿಯಲ್ಲಿ ಹೇಳಿ ಎಂದಾಗ ಬೆಬ್ಬೆಬ್ಬೆ ಎಂದೆ.

ಆಮೇಲೆ ಅವಳು ಪೆಟ್ಟಿಗೆ ತೋರಿಸಿದಳು. ಪಾರದರ್ಶಕ ಪೆಟ್ಟಿಗೆ, ಒಂದು ಕೊಳವೆ, ಒಳಗೆ ಹುಟ್ಟಿ ಎರಡು ದಿನವಾದ ಇಲಿಮರಿಗಳು. ಕಣ್ಣು ತೆರೆದಿಲ್ಲ, ತೊಗಲು ಕೆಂಪು. ದಿನ ತುಂಬಿ ಹುಟ್ಟಿದ ಇಲಿಮರಿಯ ಎದೆಯೂ ನಮ್ಮ ಏಳು ತಿಂಗಳ ಕೂಸಿನ ಎದೆಯ ಹಾಗೇ ಅರೆಬೆಳೆದಿರುತ್ತದಂತೆ. ಅವಕ್ಕೆ ಹೆಚ್ಚು ಆಕ್ಸಿಜನ್ ಕೊಡುತ್ತಾರೆ. ಕೆಲವಕ್ಕೆ ಅರಿಶಿಣದ ಹಳದಿ ಸಾರ, ಕೆಲವಕ್ಕೆ ದ್ರಾಕ್ಷಿ ಸಿಪ್ಪೆಯ ಸಾರ ಕೊಡುತ್ತಾರೆ, ಕೆಲವಕ್ಕೆ ಏನೂ ಇಲ್ಲ. ಯಾವುದರ ಎದೆ ಕಡಿಮೆ ಸುಟ್ಟಿದೆ ಎಂದು ಆಮೇಲೆ ನೋಡುತ್ತಾರೆ. ನನಗೆ ನನ್ನ ವಾರ್ಡೇ ಕಂಡಿತು. ಕೈ ತಾನಾಗಿ ಗುಂಡಿಯ ಕಡೆ ಹೋಯಿತು, ಇಳಿಸೋಣ ಎಂದು. ಮಾರ್ತಾ ಮೆಲ್ಲಗೆ ತಡೆದಳು.

"ಸಾರ ಕೆಲಸ ಮಾಡುತ್ತದೆಯೇ?" ಎಂದು ಕೇಳಿದೆ.

"ಮರಿಗಳಲ್ಲಿ ಸ್ವಲ್ಪ. ಕೂಸುಗಳಲ್ಲಿ ಗೊತ್ತಿಲ್ಲ, ಅಲ್ಲಿಗೆ ತಲುಪಲು ವರ್ಷಗಳು ಬೇಕು" ಎಂದಳು. "ಕಷ್ಟ ಏನು ಗೊತ್ತೇ? ಬಾಯಿಂದ ಕೊಟ್ಟರೆ ಮೈಗೆ ಹತ್ತುವುದೇ ಇಲ್ಲ. ಎದೆಗೆ ನೇರ ಹೇಗೆ ತಲುಪಿಸುವುದು? ಈಗ ಮಂಜಿನಷ್ಟು ಸಣ್ಣ ಹನಿ ಮಾಡಿ ಉಸಿರಿನ ಜೊತೆ ಒಳಗೆ ಕಳಿಸಲು ನೋಡುತ್ತಿದ್ದೇವೆ."

 ಎದಿಗೆ ಹೋಗಬೇಕಂದ್ರ ಬ್ಯಾರೆ ದಾರಿ ಎಲ್ಲೈತಿ? ಇಷ್ಟು ಯಂತ್ರಗಳ ನಡುವೆ ಇವರು ಕೇಳುತ್ತಿರುವ ಪ್ರಶ್ನೆಯನ್ನೇ ನನ್ನ ಅಕ್ಕ ಐನಾಪುರದ ಬಚ್ಚಲ ಮುಂದೆ ಕೇಳಿಕೊಂಡಿದ್ದಳು. ಅವಳ ಹತ್ತಿರ ಇದ್ದದ್ದು ಕುಳ್ಳಿನ ಕೆಂಡ ಮಾತ್ರ.

"ಅರಿಶಿಣವನ್ನು ಕೆಂಡಕ್ಕೆ ಹಾಕಿ ಹೊಗೆ ಕೊಟ್ಟರೆ?" ಎಂದೆ.

"ಸುಟ್ಟ ಮೇಲೆ ಅದು ಅರಿಶಿಣವಾಗಿ ಉಳಿಯುವುದಿಲ್ಲ. ಬರೀ ಹೊಗೆ. ಯಾರು ಹಾಗೆ ಮಾಡಿದರು?"

"ನನ್ನ ಅಕ್ಕ. ನಾನು ಅರ್ಧ ಮಾತು ಹೇಳಿದ್ದಕ್ಕೆ."

ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದೆ, ಅದೂ ಹರಕು ಇಂಗ್ಲಿಷಿನಲ್ಲಿ. ಕನ್ನಡದಲ್ಲಾಗಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಪೂರಾ ಕಥೆ ಕೇಳಿ ಮಾರ್ತಾ ನನಗೆ ಸಮಾಧಾನ ಹೇಳಲಿಲ್ಲ. ಆ ಕೂಸು ಹೊಗೆಯಿಲ್ಲದೆಯೂ ಉಳಿಯುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು ಎಂದಳು. ನಾನು ಅಷ್ಟು ದೂರ ಕೇಳಲು ಹೋದ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟೇ. ಆಮೇಲೆ ಕೇಳಿದಳು, "ನಿಮ್ಮ ಅಕ್ಕನಿಗೆ ಇದು ಗೊತ್ತು. ನಿಮಗೆ ಗೊತ್ತು. ಕೂಸಿನ ತಾಯಿಗೆ?"



ನವೆಂಬರ್ ಒಂದು

ನಮ್ಮಲ್ಲಿ ರಾಜ್ಯೋತ್ಸವದ ದಿನ. ಬಾವುಟ ನೆನಪಾಯಿತು. ಅಲ್ಲಿ ಅದು ಸತ್ತವರ ದಿನ. ಊರಿಗೆ ಊರೇ ಸೇವಂತಿಗೆ ಕುಂಡ ಹಿಡಿದು ಸ್ಮಶಾನಕ್ಕೆ ಹೊರಟಿತ್ತು. ಹಾಲಿನಾ ನಾನು ತಂದ ಕುಂಡವನ್ನೇ ಎತ್ತಿಕೊಂಡು, ನನ್ನನ್ನೂ ಕರೆದಳು. ಗೋರಿಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತಾರೆ, ಗಾಜಿನ ಕುಪ್ಪಿಯೊಳಗೆ ಮೇಣದ ದೀಪ ಹಚ್ಚಿಡುತ್ತಾರೆ. ಸಂಜೆ ನಾಲ್ಕಕ್ಕೇ ಹೊತ್ತು ಮುಳುಗಿ, ಸ್ಮಶಾನ ತುಂಬ ಕೆಂಪು, ಹಳದಿ ಬೆಳಕು. ಜನ ಪಿಸುಮಾತಿನಲ್ಲಿ ಮಾತಾಡುತ್ತಾ ಓಡಾಡುತ್ತಿದ್ದರು. ಸ್ಮಶಾನಕ್ಕೆ ಹೆಂಗಸರು ಬರಬಾರದೆನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಒಂದು ಮೂಲೆಯಲ್ಲಿ ಬರೀ ಮಕ್ಕಳ ಗೋರಿಗಳು. ಮೊಳದುದ್ದದ ಕಲ್ಲುಗಳು. ಹಾಲಿನಾ ಒಂದರ ಮುಂದೆ ಕೂತಳು. ಅವಳ ಮಗ ಯಾನೆಕ್. ನಲವತ್ತೈದು ವರ್ಷದ ಹಿಂದೆ ಹುಟ್ಟಿ ಎರಡೇ ದಿನ ಇದ್ದವನು. ಕಲ್ಲಿನ ಮೇಲೆ ಹೆಸರು ಕೊರೆದಿತ್ತು. ಎರಡು ದಿನದ ಕೂಸಿಗೆ ಹೆಸರು, ಕಲ್ಲು, ನಲವತ್ತೈದು ವರ್ಷದಿಂದ ದೀಪ! ನಾನು ಕಲ್ಲು ಕೆಲಸದವನ ಮಗಳು. ಶಹಾಬಾದಿನ ಕಲ್ಲು ಊರೂರಿನ ಮನೆಗಳಿಗೆ ನೆಲವಾಗಿ ಹೋಗಿದೆ. ನಮ್ಮ ಕೂಸಿನ ಮೇಲೆ ಒಂದು ತುಂಡು ಇಲ್ಲ.

ಹಾಲಿನಾ ಚೀಲದಿಂದ ಇನ್ನೊಂದು ದೀಪ ತೆಗೆದು ನನ್ನ ಕೈಗಿಟ್ಟಳು. ಮಾರ್ತಾ ಹೇಳಿರಬೇಕು, ಅಥವಾ ಬಚ್ಚಲಲ್ಲಿ ಅತ್ತದ್ದು ಬಟ್ಟೆಗಲ್ಲ ಎಂದು ಆಕೆಗೆ ತಿಳಿದಿರಬೇಕು. ಹಚ್ಚಿದೆ. ಕುಪ್ಪಿಯ ಮೇಲೆ ಬರೆಯಲು ಪೆನ್ನು ತೆಗೆದು, "ನೀಲಾ, ಮಗುವಿನ ಹೆಸರೇನು?" ಎಂದು ಫೋನಿನ ಅನುವಾದದಲ್ಲಿ ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ. ಆಕೆಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಹೆಸರೇ ಇಟ್ಟಿಲ್ಲ ಎಂದಾಗ ಬಹಳ ಹೊತ್ತು ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು. "ಸಿಕ್ಕಾಗ ಬರೆದು ಕಳಿಸು, ಬರುವ ವರ್ಷ ನಾನು ಬರೆಯುತ್ತೇನೆ" ಎಂದಳು.

ಐನಾಪುರ

ಹೈದರಾಬಾದಿನಲ್ಲಿ ಇಳಿದು, ಭಂಕೂರಿಗೆ ಹೋಗದೆ, ತಾಂಡೂರಿನ ಮೇಲೆ ಚಿಂಚೋಳಿಗೆ ಬಸ್ಸು ಹಿಡಿದೆ. ತಡಮಾಡಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂಬ ಹೆದರಿಕೆ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಬಿಟ್ಟು ಎದ್ದಳು. ಬಾಗಿಲಲ್ಲೇ ನಿಂತು ಮಾತು ಶುರು ಮಾಡಿದೆ.

"ಹೊಸ್ತಿಲ ಮ್ಯಾಲ ನಿಂತು ಮಾತಾಡಬ್ಯಾಡ. ಒಳಗ ಬಾ, ಕುಂದ್ರು, ಮೊದಲ ಉಣ್ಣು" ಎಂದಳು.

ಬಡಿಸಿದಳು. ಬೇಳೆ ಬೆಳ್ಳಗಿತ್ತು, ಪಲ್ಯ ಬೆಳ್ಳಗಿತ್ತು. ಅವಳ ಕೆನ್ನೆಯೂ ಬೋಳು. ಮನೆಯಲ್ಲಿ ಅರಿಶಿಣವನ್ನೇ ಬಿಟ್ಟಿದ್ದಾಳೆ. ಭಾಗ್ಯ ಒಳಕೋಣೆಯ ಬಾಗಿಲಿಗೆ ಒರಗಿ ಕೂತು ನನ್ನನ್ನಷ್ಟೇ ನೋಡುತ್ತಿದ್ದಳು. ನಾನು ತಾಟು ಸರಿಸಿದೆ.

"ಭಾಗ್ಯಾ, ನಿಮ್ಮವ್ವ ತನ್ನ ಬುದ್ಧಿಲೆ ಹೊಗಿ ಹಾಕಿಲ್ಲ. ಅರಿಶಿಣದಾಗ ಔಷಧ ಅದ ಅಂತ ಫೋನಿನಾಗ ಹೇಳಿದಾಕಿ ನಾನು. ಪೂರಾ ಹೇಳಲಾರದೆ ಫೋನ್ ಇಟ್ಟಾಕಿನೂ ನಾನು. ಡಾಕ್ಟರ್ ಕೇಳಿದಾಗ ನನ್ನ ನೌಕರಿ ಹೋಗ್ತದಂತ ಇಕಿ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ್ಳು. ನಾ ಸುಮ್ಕ ನಿಂತೆ."

"ಬಿಡು ನೀಲಾ. ಈಗ್ಯಾಕ ಅದು" ಎಂದಳು ಅಕ್ಕ, ಜೋಳದ ಧೂಳು ಹಿಡಿದ ಕೈಯನ್ನು ಸೀರೆಗೆ ಒರೆಸುತ್ತಾ.

ಭಾಗ್ಯ ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ಬಾಗಿಲಿಗೆ ಒರಗಿದವಳು ಒರಗಿದ ಹಾಗೇ ಇದ್ದಳು. ನಾನೇ ಇಲಿಮರಿಗಳ ಪೆಟ್ಟಿಗೆಯ ಕಥೆ ಹೇಳಿದೆ, ಮಂಜಿನಂಥ ಹನಿಯ ಮಾತು ಹೇಳಿದೆ, ನಿಮ್ಮವ್ವ ಕೇಳಿದ್ದನ್ನೇ ಅವರೂ ಕೇಳುತ್ತಿದ್ದಾರೆ ಎಂದೆ.

"ಆ ಇಲಿಮರಿ ಬದುಕ್ಯಾವೇನು, ಚಿಗವ್ವಾ?" ಎಂದಳು ಭಾಗ್ಯ.

ಇನ್ನು ಅರ್ಧ ಮಾತು ಹೇಳಬಾರದು ಎಂದು ಆಣೆ ಮಾಡಿಕೊಂಡಿದ್ದೆ. "ಕೆಲವು ಛಲೋ ಉಸಿರಾಡಾಕತ್ತಿದ್ವು. ಆದ್ರ ಕಡೀಕ ಎಲ್ಲಾವನ್ನೂ ಕೊಂದು ಎದಿ ನೋಡ್ತಾರ."

"ಅವಕ್ಕ ಹೆಸರರೆ ಇಟ್ಟಿರ್ತಾರೇನು?" ಅಕ್ಕ ಕೇಳಿದಳು.

"ಇಲ್ಲ ಅಕ್ಕಾ. ನಂಬರ್ ಇರ್ತಾವ."

"ನಮ್ಮ ಕೂಸಿಗೂ ನಂಬರೇ ಇತ್ತು" ಎಂದಳು ಭಾಗ್ಯ.

ಅಕ್ಕ ನನ್ನ ತಾಟು ಎತ್ತಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. "ನಾ ಹೆಸರು ಹಿಡದು ಕರೀತಿದ್ದೆ" ಎಂದಳು. "ಎರಿಯೋವಾಗ. ತೊಟ್ಟಿಲಾ ಆಗಲಾರದೆ ಹೆಸರು ಕರೀಬಾರದಂತ ಯಾರ ಮುಂದೂ ಅಂದಿಲ್ಲ. ಕರದ್ರ ಕಣ್ಣು ಬಿಟ್ಟು ನೋಡ್ತಿತ್ತು."

ಭಾಗ್ಯ ತಾಯಿಯ ಕಡೆ ತಿರುಗಿದಳು. "ಏನಂತ ಕರೀತಿದ್ದಿ, ಯವ್ವಾ?"

ಎಷ್ಟೋ ತಿಂಗಳ ಮೇಲೆ ಅವಳು ಅವ್ವನ ಜೊತೆ ಆಡಿದ ಮೊದಲ ಮಾತು. ಅಕ್ಕ ಮಗಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ನೀಲಾ ಅಂತ. ಎರಡ ತಿಂಗಳು ಹಗಲೆಲ್ಲಾ ನಿಂತು ಉಸಿರು ಕೊಟ್ಟಾಕಿ ಹೆಸರು ಬಿಟ್ಟು ಮತ್ಯಾರದ್ದಿಡ್ಲಿ?"

ಮೂವರೂ ಅಲ್ಲೇ ಕೂತು ಅತ್ತೆವು. ಮರುದಿನ ಹೊಲದ ಬದುವಿಗೆ ಮೂವರೂ ಹೋದೆವು, ಯಾವ ಗಂಡಸೂ ಬೇಡ ಎನ್ನಲಿಲ್ಲ. ಕಲ್ಲನ್ನು ನಾನು ಭಂಕೂರಿನಿಂದ ತರಿಸುತ್ತೇನೆ ಎಂದಿದ್ದೇನೆ. ಹಾಲಿನಾಗೆ ಹೆಸರು ಬರೆದು ಕಳಿಸಲು ಮಾತ್ರ ನಾಲ್ಕು ದಿನ ಹಿಡಿಯಿತು.  ಕೊನೆಗೆ ಒಂದೇ ಪದ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಇದು ನಿನ್ನ ಹೆಸರು. ನಾನು ಕೇಳಿದ್ದು ಮಗುವಿನದು."

"ಮಗುವಿನದೇ ಅದು" ಎಂದು ಬರೆದೆ.